ಬಂದೂಕಿಲ್ಲದೆ ಬೆಟ್ಟ ಹತ್ತಿದವರು

ಪ್ರಶ್ನೆ: ‘ಹ್ಯಾಕ್ಸಾ ರಿಡ್ಜ್’ ಸಿನಿಮಾ ನೋಡಿದೆ. ಬಂದೂಕು ಮುಟ್ಟದೆಯೇ ಯುದ್ಧಕ್ಕೆ ಹೋಗಿ ಒಬ್ಬನೇ 75 ಜನರನ್ನು ಉಳಿಸಿದ ಮೆಡಿಕ್‌ನ ಕಥೆ. ಇದರಲ್ಲಿ ಎಷ್ಟು ನಿಜ? ಮೆಡಿಕ್ ಅಂದರೆ ಡಾಕ್ಟರೇ? ಗುಂಡು ಹಾರುವಾಗ ಅವರು ಏನು ತಾನೇ ಮಾಡಲು ಸಾಧ್ಯ? ನಮ್ಮ ಸೈನ್ಯದಲ್ಲೂ ಇಂಥವರಿದ್ದಾರೆಯೇ? ಇನ್ನೊಂದು ಮಾತು. ಗೆಳೆಯರ ಜತೆ ವಾದವಾಯಿತು. ಆತ ಸಾಯಲಿಲ್ಲ, ಪದಕ ಪಡೆದು ಮನೆಗೆ ಬಂದ. ಅದು ಶೌರ್ಯ ಸರಿ, ತ್ಯಾಗ ಹೇಗಾಗುತ್ತದೆ ಎಂದರು. ನೀವೇನು ಹೇಳುತ್ತೀರಿ?
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ನಿಮ್ಮ ಗೆಳೆಯರ ವಾದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಅದು ತ್ಯಾಗವೇ. ಸಿನಿಮಾದ ಕಥೆ ಮುಗಿಯುವುದು ಸ್ಟ್ರೆಚರ್ ಮೇಲೆ. ಆದರೆ ಆ ಮನುಷ್ಯ ಬೆಲೆ ತೆರಲು ಶುರುಮಾಡಿದ್ದೇ ಅಲ್ಲಿಂದ. ಯಾಕೆ ಹೀಗೆ ಹೇಳುತ್ತೇನೆ ಎಂಬುದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಕಥೆಯ ನಿಜಾಂಶ ನೋಡೋಣ.

ಡೆಸ್ಮಂಡ್ ಡಾಸ್ ಹುಟ್ಟಿದ್ದು 1919ರ ಫೆಬ್ರವರಿ 7ರಂದು, ಅಮೆರಿಕದ ವರ್ಜೀನಿಯಾ ರಾಜ್ಯದ ಲಿಂಚ್‌ಬರ್ಗ್ ಊರಿನಲ್ಲಿ. ತಂದೆ ಬಡಗಿ. ತಾಯಿ ಮಕ್ಕಳನ್ನು ಬೆಳೆಸಿದ್ದು ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದ ಕಟ್ಟುಪಾಡಿನಲ್ಲಿ. ಆ ಪಂಥದವರಿಗೆ ಶನಿವಾರವೇ ದೇವರ ದಿನ, ಅಂದು ದುಡಿಮೆ ಇಲ್ಲ. ಮನೆಯ ಗೋಡೆಯ ಮೇಲೆ ಬೈಬಲಿನ ಹತ್ತು ಆಜ್ಞೆಗಳ ಚಿತ್ರಪಟವೊಂದಿತ್ತು. ಕೊಲ್ಲಬಾರದು ಎಂಬ ಆಜ್ಞೆಯ ಪಕ್ಕದಲ್ಲಿ ಕಾಯಿನ ತನ್ನ ತಮ್ಮ ಹೇಬೆಲನನ್ನು ಕೊಂದ ಚಿತ್ರ. ಅಣ್ಣನಾದವನು ತಮ್ಮನನ್ನು ಹೇಗೆ ಕೊಂದ ಎಂಬ ಪ್ರಶ್ನೆ ಆ ಹುಡುಗನನ್ನು ಬಿಡಲೇ ಇಲ್ಲ.

ಯುದ್ಧ ಬಂದಾಗ ಡಾಸ್ ಹಡಗುಕಟ್ಟೆಯಲ್ಲಿ ಕೆಲಸಕ್ಕಿದ್ದರು. ಅದು ಯುದ್ಧಕ್ಕೆ ಬೇಕಾದ ಕೆಲಸವಾದ್ದರಿಂದ ಸೈನ್ಯಕ್ಕೆ ಸೇರುವುದರಿಂದ ವಿನಾಯಿತಿ ಸಿಗುತ್ತಿತ್ತು. ಅವರು ಅದನ್ನು ಪಡೆಯಲಿಲ್ಲ. 1942ರ ಏಪ್ರಿಲ್ 1ರಂದು ಸೈನ್ಯ ಸೇರಿದರು. ದೇಶಕ್ಕಾಗಿ ದುಡಿಯಲು ಸಿದ್ಧ, ಸಮವಸ್ತ್ರ ತೊಡಲು ಸಿದ್ಧ, ಸಾಯಲೂ ಸಿದ್ಧ. ಕೊಲ್ಲಲು ಮಾತ್ರ ಸಿದ್ಧರಿರಲಿಲ್ಲ. ಉಳಿಸುವ ಕೆಲಸ ಕೊಡಿ ಎಂದು ಕೇಳಿದರು. ಸೈನ್ಯ ಅವರನ್ನು 77ನೇ ಪದಾತಿ ಡಿವಿಷನ್ನಿಗೆ ಹಾಕಿತು. ಬಂದೂಕು ಹಿಡಿ ಎಂದು ಒತ್ತಾಯಿಸಿತು. ಕೂಡ ಇದ್ದವರು ಅಣಕಿಸಿದರು, ಪ್ರಾರ್ಥನೆ ಮಾಡುವಾಗ ಬೂಟು ಎಸೆದರು. ಯುದ್ಧಭೂಮಿಗೆ ಹೋದರೆ ನೀನು ಜೀವಂತ ವಾಪಸು ಬಾರದಂತೆ ನಾನೇ ನೋಡಿಕೊಳ್ಳುತ್ತೇನೆ ಎಂದು ಒಬ್ಬ ಬೆದರಿಸಿದ್ದೂ ಉಂಟು. ಅಧಿಕಾರಿಗಳು ಬುದ್ಧಿಸ್ಥಿಮಿತ ಇಲ್ಲದವನೆಂದು ಹಣೆಪಟ್ಟಿ ಹಚ್ಚಿ ಮನೆಗೆ ಕಳಿಸಲು ನೋಡಿದರು. ಡಾಸ್ ಒಪ್ಪಲಿಲ್ಲ. ಇಷ್ಟೆಲ್ಲ ನಿಜ.

ಸಿನಿಮಾ ಬದಲಾಯಿಸಿದ್ದೂ ಇದೆ. ತೆರೆಯ ಮೇಲೆ ಮದುವೆಯ ದಿನವೇ ಡಾಸ್ ಸೆರೆಯಲ್ಲಿರುತ್ತಾರೆ. ನಿಜದಲ್ಲಿ ಡೊರೊಥಿ ಶುಟ್ಟೆ ಅವರ ಜತೆ ಮದುವೆಯಾಗಿದ್ದು 1942ರ ಆಗಸ್ಟಿನಲ್ಲೇ, ಯಾವ ತೊಂದರೆಯೂ ಇಲ್ಲದೆ. ಡೊರೊಥಿ ಆಗ ನರ್ಸ್ ಆಗಿರಲಿಲ್ಲ. ಆ ಕೆಲಸ ಕಲಿತದ್ದು ಯುದ್ಧ ಮುಗಿದ ಮೇಲೆ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಬೇರೆ. ಸಿನಿಮಾದಲ್ಲಿ ಡಾಸ್ ನೇರವಾಗಿ ಒಕಿನಾವಾದ ಬಂಡೆಯ ಬುಡಕ್ಕೆ ಬಂದು ನಿಲ್ಲುತ್ತಾರೆ. ನಿಜವಾಗಿ ಅದಕ್ಕೂ ಮೊದಲು, 1944ರಲ್ಲಿ, ಗ್ವಾಮ್ ದ್ವೀಪದಲ್ಲೂ ಫಿಲಿಪ್ಪೀನ್ಸಿನ ಲೇಟೆಯಲ್ಲೂ ಗಾಯಾಳುಗಳನ್ನು ಹೊತ್ತು ತಂದು ಶೌರ್ಯಕ್ಕಾಗಿ ಬ್ರಾನ್ಸ್ ಸ್ಟಾರ್ ಪದಕ ಪಡೆದಿದ್ದರು. ಅಣಕಿಸುತ್ತಿದ್ದವರ ಮನಸ್ಸು ತಿರುಗಿದ್ದು ಒಂದೇ ರಾತ್ರಿಯಲ್ಲಿ ಅಲ್ಲ. ಕೂಗಿದರೆ ಇವನು ಬಂದೇ ಬರುತ್ತಾನೆ ಎಂಬ ನಂಬಿಕೆ ಅವರಿದ್ದ ಸೇನಾ ಕಂಪನಿಯಲ್ಲಿ ತಿಂಗಳುಗಟ್ಟಲೆ ಕೂಡಿತ್ತು. ನನಗೆ ಸಿನಿಮಾದ ಕಥೆಗಿಂತ ಇದೇ ದೊಡ್ಡದಾಗಿ ಕಾಣುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಮೆಡಿಕ್ ಡಾಕ್ಟರಲ್ಲ. ಕೆಲವು ತಿಂಗಳ ತರಬೇತಿ ಪಡೆದ ಸೈನಿಕ. ಆಗಿನ ಅಮೆರಿಕದ ಸೈನ್ಯದಲ್ಲಿ ಸುಮಾರು 190 ಜನರ ಪದಾತಿ ಕಂಪನಿಯೊಂದಕ್ಕೆ ಸಾಮಾನ್ಯವಾಗಿ ಮೂವರು ಮೆಡಿಕ್‌ಗಳು, ಪ್ಲಟೂನಿಗೊಬ್ಬರಂತೆ ಇರುತ್ತಿದ್ದರು. ಇವರ ಹಿಂದೆ ಸ್ಟ್ರೆಚರ್ ಹೊರುವವರು, ಅವರ ಹಿಂದೆ ಬೆಟಾಲಿಯನ್ನಿನ ಡಾಕ್ಟರ್ ಇರುವ ಚಿಕಿತ್ಸಾ ಠಾಣೆ, ಅದರಾಚೆ ಶಸ್ತ್ರಚಿಕಿತ್ಸೆ ನಡೆಯುವ ಆಸ್ಪತ್ರೆ. ಎಷ್ಟೇ ನುರಿತ ಸರ್ಜನ್ ಆಸ್ಪತ್ರೆಯಲ್ಲಿ ಕಾದು ನಿಂತಿದ್ದರೂ, ಗಾಯಾಳು ಅಲ್ಲಿಗೆ ಜೀವ ಹಿಡಿದುಕೊಂಡು ಮುಟ್ಟಿದರೆ ತಾನೆ ಪ್ರಯೋಜನ? ಮುಟ್ಟಿಸುವುದು ಮೆಡಿಕ್‌ನ ಕೆಲಸ.

ತೊಡೆಯ ದೊಡ್ಡ ರಕ್ತನಾಳ ಹರಿದರೆ ಮನುಷ್ಯ ಕೆಲವೇ ನಿಮಿಷಗಳಲ್ಲಿ ಸಾಯುತ್ತಾನೆ. ಹಾಗಾಗಿ ಮೆಡಿಕ್ ಮೊದಲು ನೋಡುವುದು ರಕ್ತ ಎಲ್ಲಿಂದ ಹೋಗುತ್ತಿದೆ ಎಂದು. ಗಾಯದ ಮೇಲೆ ಬಲವಾಗಿ ಒತ್ತಿ ಪಟ್ಟಿ ಕಟ್ಟುತ್ತಾರೆ. ಅದರಿಂದ ನಿಲ್ಲದಿದ್ದರೆ ಗಾಯಕ್ಕಿಂತ ಮೇಲೆ ಟೂರ್ನಿಕೆ ಎಂಬ ಬಿಗಿಪಟ್ಟಿ ಬಿಗಿಯುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೋಂಕು ತಡೆಯಲು ಗಾಯಕ್ಕೆ ಸಲ್ಫಾ ಪುಡಿ ಉದುರಿಸುತ್ತಿದ್ದರು. ನೋವು ತಡೆಯಲಾರದವರಿಗೆ ಮಾರ್ಫಿನ್ ಚುಚ್ಚುತ್ತಿದ್ದರು. ಸೂಜಿಯೂ ಔಷಧವೂ ಒಟ್ಟಿಗೇ ಇರುವ, ಟೂತ್‌ಪೇಸ್ಟ್ ಟ್ಯೂಬಿನ ಹಾಗೆ ಹಿಂಡುವ ಪುಟ್ಟ ಕೊಳವೆ ಅದು. ಬರಿದಾದ ಕೊಳವೆಯನ್ನು ಗಾಯಾಳುವಿನ ಕಾಲರಿಗೆ ಸಿಕ್ಕಿಸಿಬಿಡುತ್ತಿದ್ದರು. ಇವನಿಗೆ ಮಾರ್ಫಿನ್ ಆಗಿದೆ, ಮತ್ತೆ ಕೊಟ್ಟರೆ ಉಸಿರು ನಿಂತೀತು ಎಂದು ಮುಂದಿನವರಿಗೆ ತಿಳಿಯಲಿ ಎಂದು. ರಕ್ತ ಬಹಳ ಹೋದವರಿಗೆ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ. ಒಣಗಿಸಿದ ಪ್ಲಾಸ್ಮಾದ ಪುಡಿ ಒಂದು ಬಾಟಲಿಯಲ್ಲಿ, ಶುದ್ಧ ನೀರು ಇನ್ನೊಂದರಲ್ಲಿ. ಎರಡನ್ನೂ ಬೆರೆಸಿ ಕರಗುವವರೆಗೆ ಕಾದು, ಕುಸಿದ ನಾಳವನ್ನು ಹುಡುಕಿ ಸೂಜಿ ಹಾಕಿ, ಬಾಟಲಿಯನ್ನು ಎತ್ತಿ ಹಿಡಿಯಬೇಕು. ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಇದು ಸುಲಭ. ಸುತ್ತ ಶೆಲ್ ಬೀಳುತ್ತಿರುವಾಗ ಮಂಡಿಯೂರಿ ಕೂತು, ಕೈ ನಡುಗದಂತೆ ಮಾಡುವುದು ಬೇರೆಯದೇ ಮಾತು. ಡಾಸ್ ಒಬ್ಬ ಫಿರಂಗಿದಳದ ಅಧಿಕಾರಿಗೆ ಹೀಗೆಯೇ ಪ್ಲಾಸ್ಮಾ ಕೊಟ್ಟದ್ದನ್ನು ಅವರ ಪದಕದ ಪ್ರಶಸ್ತಿಪತ್ರ ಬೇರೆಯಾಗಿಯೇ ದಾಖಲಿಸಿದೆ.

ಮೆಡಿಕ್ ಮೇಲೆ ಗುಂಡು ಹಾರಿಸಬಾರದೆಂಬ ನಿಯಮ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಗಾಯಾಳುಗಳನ್ನೂ ಅವರ ಆರೈಕೆ ಮಾಡುವವರನ್ನೂ ಕಾಪಾಡಬೇಕೆಂಬ ಮೊದಲ ಜಿನೀವಾ ಒಪ್ಪಂದ 1864ರದು. ಬಿಳಿಯ ಮೇಲೆ ಕೆಂಪು ಶಿಲುಬೆಯ ಗುರುತು ಬಂದದ್ದೂ ಅದರಿಂದಲೇ. ತನ್ನ ಮತ್ತು ತನ್ನ ಗಾಯಾಳುವಿನ ರಕ್ಷಣೆಗಾಗಿ ಮೆಡಿಕ್ ಆಯುಧ ಇಟ್ಟುಕೊಳ್ಳಬಹುದು, ಅದರಿಂದ ಆತನಿಗಿರುವ ರಕ್ಷಣೆ ತಪ್ಪುವುದಿಲ್ಲ ಎಂದೂ ಮುಂದೆ ಬಂದ ಜಿನೀವಾ ಒಪ್ಪಂದಗಳು ಹೇಳುತ್ತವೆ. ಆದರೆ ಶಾಂತಸಾಗರದ ದ್ವೀಪಗಳಲ್ಲಿ ಜಪಾನಿ ಸೈನಿಕರು ಮೆಡಿಕ್‌ಗಳನ್ನೇ ಹುಡುಕಿ ಹೊಡೆಯುತ್ತಿದ್ದರು. ಒಬ್ಬ ಮೆಡಿಕ್ ಬಿದ್ದರೆ ಹತ್ತಾರು ಗಾಯಾಳುಗಳಿಗೆ ದಿಕ್ಕಿಲ್ಲದಂತಾಗುತ್ತದೆ, ಉಳಿದವರ ಎದೆಯೂ ಕುಸಿಯುತ್ತದೆ ಎಂಬ ಲೆಕ್ಕ. ಅದಕ್ಕೇ ಅಮೆರಿಕದ ಮೆಡಿಕ್‌ಗಳು ಅಲ್ಲಿ ತೋಳಿನ ಕೆಂಪು ಶಿಲುಬೆಯ ಪಟ್ಟಿ ಕಿತ್ತಿಟ್ಟರು, ಬಹಳ ಮಂದಿ ರೈಫಲ್ಲನ್ನೋ ಪಿಸ್ತೂಲನ್ನೋ ಹಿಡಿದರು. ಅವರನ್ನು ತಪ್ಪೆನ್ನಲಾಗದು. ಕಾನೂನೇ ಕೊಟ್ಟ ಆ ಅವಕಾಶವನ್ನೂ ಡಾಸ್ ಬಳಸಲಿಲ್ಲ.

ಒಕಿನಾವಾ ಯುದ್ಧ ಶುರುವಾದದ್ದು 1945ರ ಏಪ್ರಿಲ್ 1ರಂದು. ಮೂರು ತಿಂಗಳಿಗೆ ತುಸು ಕಡಿಮೆ ನಡೆದ ಆ ಕಾಳಗದಲ್ಲಿ ಅಮೆರಿಕದ 12,000ಕ್ಕೂ ಹೆಚ್ಚು ಮಂದಿ ಸತ್ತರು. ಜಪಾನಿನ ಸೈನಿಕರೂ ದ್ವೀಪದ ಸಾಮಾನ್ಯ ಜನರೂ ಅದಕ್ಕಿಂತ ಅನೇಕ ಪಟ್ಟು ಹೆಚ್ಚು ಸತ್ತರು. ದ್ವೀಪದ ದಕ್ಷಿಣಕ್ಕೆ ಹೋಗುವ ದಾರಿಗೆ ಅಡ್ಡಲಾಗಿ ಮೇದಾ ಎಂಬ ದಿಬ್ಬ ಸುಮಾರು 400 ಅಡಿ ಎದ್ದು ನಿಂತಿದೆ. ಅದರ ನೆತ್ತಿಯ ಭಾಗ ನೆಟ್ಟಗೆ ನಿಂತ ಬಂಡೆ. ಅಮೆರಿಕನ್ನರು ಅದಕ್ಕಿಟ್ಟ ಹೆಸರೇ ಹ್ಯಾಕ್ಸಾ ರಿಡ್ಜ್. ಒಳಗೆಲ್ಲ ಜಪಾನಿಗಳು ತೋಡಿದ ಸುರಂಗ, ಗವಿ, ಮೆಷಿನ್‌ಗನ್ ಗೂಡುಗಳು. ಹಡಗಿನಿಂದ ಸರಕು ಇಳಿಸುವ ಹಗ್ಗದ ಬಲೆಗಳನ್ನು ಬಂಡೆಗೆ ತೂಗುಬಿಟ್ಟು ಸೈನಿಕರು ಹತ್ತಿದರು. ಮೇಲೆ ಹೋಗಿ ಆ ಬಲೆ ಕಟ್ಟಿಬಂದವರಲ್ಲಿ ಡಾಸ್ ಕೂಡ ಒಬ್ಬರು. ಸಿನಿಮಾದಲ್ಲಿ ಇದೂ ಇಲ್ಲ.

ಡಾಸ್ ಇದ್ದ ಕಂಪನಿ ನೆತ್ತಿ ಮುಟ್ಟಿದಾಗ ಫಿರಂಗಿ, ಮಾರ್ಟರ್, ಮೆಷಿನ್‌ಗನ್ ಗುಂಡುಗಳು ಒಮ್ಮೆಲೇ ಸುರಿದವು. ಕಾಲಲ್ಲಿ ಶಕ್ತಿಯಿದ್ದವರು ಬಲೆ ಹಿಡಿದು ಕೆಳಗಿಳಿದರು. ಡಾಸ್ ಇಳಿಯಲಿಲ್ಲ. ಕಂಪನಿಯವರ ನೆನಪಿನಲ್ಲಿ ಅದು ಮೇ 5, ಶನಿವಾರ. ಅವರ ಪಂಥದವರು ಕೆಲಸ ಮುಟ್ಟದ ದಿನ. ರೋಗಿಯ ಸೇವೆಗೆ ದೇವರ ದಿನ ಅಡ್ಡಿಯಲ್ಲ ಎಂದುಕೊಂಡೇ ಅವರು ಮೇಲೆ ಹತ್ತಿದ್ದರು.

ಆಮೇಲಿನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಗಾಯಾಳು ಬಂಡೆಯ ಅಂಚಿನಿಂದ ದೂರದಲ್ಲಿ ಬಿದ್ದಿದ್ದಾನೆ. ಎದ್ದು ನಿಂತರೆ ಗುಂಡು ತಾಗುತ್ತದೆ. ತೆವಳಿಕೊಂಡು ಹೋಗಬೇಕು, ರಕ್ತ ನಿಲ್ಲಿಸಬೇಕು, ಎಳೆದೋ ಹೊತ್ತೋ ಅಂಚಿಗೆ ತರಬೇಕು. ಅಂಚಿನಲ್ಲಿ ಹಗ್ಗವಿದೆ. ತರಬೇತಿಯ ದಿನಗಳಲ್ಲಿ ಹಗ್ಗವನ್ನು ಇಮ್ಮಡಿ ಮಾಡಿ ಬೋಲೈನ್ ಗಂಟು ಹಾಕಿದಾಗ ಒಂದರ ಬದಲು ಎರಡು ಕುಣಿಕೆ ಬಂದದ್ದನ್ನು ಡಾಸ್ ಗಮನಿಸಿದ್ದರು. ಆ ಎರಡು ಕುಣಿಕೆಗಳಲ್ಲಿ ಗಾಯಾಳುವಿನ ಎರಡು ಕಾಲು ತೂರಿಸಿ, ಉಳಿದ ಹಗ್ಗವನ್ನು ಎದೆಗೆ ಸುತ್ತಿ ಬಿಗಿದರೆ ಮೈಮೇಲೆ ಎಚ್ಚರವಿಲ್ಲದವನೂ ಜಾರಿ ಬೀಳುವುದಿಲ್ಲ. ಬೋಲೈನ್ ಗಂಟಿನ ಗುಣವೇ ಅದು, ಭಾರ ಬಿದ್ದರೂ ಕುಣಿಕೆ ಕಿರಿದಾಗುವುದಿಲ್ಲ, ಬಿಚ್ಚಿಕೊಳ್ಳುವುದೂ ಇಲ್ಲ. ಇನ್ನು ಇಳಿಸಬೇಕು. ತನಗಿಂತ ಹೆಚ್ಚು ತೂಕದವನನ್ನು ಬರಿಗೈಯಲ್ಲಿ ಇಳಿಸಲಾಗದು. ಮರದ ಬೊಡ್ಡೆಯೊಂದಕ್ಕೆ ಹಗ್ಗ ಸುತ್ತಿ ಬಿಟ್ಟರೆ ಅರ್ಧ ಭಾರವನ್ನು ಆ ಉಜ್ಜಾಟವೇ ಹೊರುತ್ತದೆ. ಕೆಳಗಿದ್ದವರು ಗಾಯಾಳುವನ್ನು ಬಿಚ್ಚಿಕೊಂಡ ಮೇಲೆ ಹಗ್ಗ ಮೇಲೆಳೆದು, ಮತ್ತೆ ತೆವಳಿ, ಇನ್ನೊಬ್ಬನ ಹತ್ತಿರ. ಒಬ್ಬೊಬ್ಬನಿಗೆ ನಾಲ್ಕೇ ನಿಮಿಷ ಎಂದುಕೊಂಡರೂ 75 ಜನಕ್ಕೆ ಐದು ತಾಸು. ಇನ್ನೊಬ್ಬನನ್ನು ಉಳಿಸಲು ಸಹಾಯ ಮಾಡು ದೇವರೇ ಎಂದು ಪ್ರತಿ ಸಲ ಪ್ರಾರ್ಥಿಸುತ್ತಿದ್ದೆ ಎಂದು ಡಾಸ್ ಆಮೇಲೆ ಹೇಳಿಕೊಂಡಿದ್ದಾರೆ.

75 ಎಂಬ ಸಂಖ್ಯೆ ಬಂದ ಬಗೆಯನ್ನೂ ತಿಳಿಯಬೇಕು. ದಾಳಿಗೆ ಹೋದವರು 155, ತಾವೇ ಇಳಿದು ಬಂದವರು 55, ಹಾಗಾದರೆ ಡಾಸ್ ಉಳಿಸಿದ್ದು 100 ಎಂದು ಅಧಿಕಾರಿಗಳು ಲೆಕ್ಕ ಹಾಕಿದರು. ಅಷ್ಟು ಸಾಧ್ಯವೇ ಇಲ್ಲ, ಹೆಚ್ಚೆಂದರೆ 50 ಎಂದರು ಡಾಸ್. ಕೊನೆಗೆ ನಡುವಿನ ಸಂಖ್ಯೆ ಬರೆದರು. ತನ್ನ ಹೆಸರಿಗೆ ಬಂದ ಪುಣ್ಯವನ್ನು ಅರ್ಧಕ್ಕೆ ಇಳಿಸಿ ಎಂದು ಕೇಳಿದ ಮನುಷ್ಯನ ಮಾತನ್ನು ನಾನು ಧಾರಾಳವಾಗಿ ನಂಬುತ್ತೇನೆ.

ಮೇ 21ರ ರಾತ್ರಿ ಶೂರಿ ಎಂಬಲ್ಲಿ ನಡೆದದ್ದು ಇದಕ್ಕಿಂತ ದೊಡ್ಡದು. ಕಂಪನಿ ಮರೆಗೆ ಸರಿದರೂ ಡಾಸ್ ಬಯಲಲ್ಲೇ ಗಾಯಾಳುಗಳ ಜತೆ ಉಳಿದರು. ಕತ್ತಲಲ್ಲಿ ಜಪಾನಿಯೆಂದು ತಿಳಿದು ತನ್ನವರೇ ಹೊಡೆದಾರು ಎಂಬ ಭಯವೂ ಇತ್ತು. ಒಂದು ಗ್ರೆನೇಡ್ ಸಿಡಿದು ಕಾಲಿನ ತುಂಬ ಚೂರು ಹೊಕ್ಕವು. ಇನ್ನೊಬ್ಬ ಮೆಡಿಕ್‌ನನ್ನು ಕರೆದರೆ ಅವನ ಜೀವಕ್ಕೂ ಅಪಾಯವೆಂದು ಕರೆಯಲಿಲ್ಲ. ತಾವೇ ಪಟ್ಟಿ ಕಟ್ಟಿಕೊಂಡು ಐದು ತಾಸು ಕಾದರು. ಕೊನೆಗೆ ಸ್ಟ್ರೆಚರಿನವರು ಬಂದು ಹೊತ್ತೊಯ್ಯುವಾಗ ದಾರಿಯಲ್ಲಿ ಟ್ಯಾಂಕ್ ದಾಳಿ. ಅಲ್ಲೇ ಹತ್ತಿರ ತನಗಿಂತ ಹೆಚ್ಚು ಗಾಯಗೊಂಡವನೊಬ್ಬ ಕಂಡ. ಡಾಸ್ ಸ್ಟ್ರೆಚರಿನಿಂದ ತೆವಳಿ ಇಳಿದು, ಮೊದಲು ಅವನನ್ನು ಒಯ್ಯಿರಿ ಎಂದರು. ಅವರು ತಿರುಗಿ ಬರುವಷ್ಟರಲ್ಲಿ ಗುಂಡು ತಗುಲಿ ಇವರ ಒಂದು ತೋಳಿನ ಮೂಳೆ ಮುರಿಯಿತು. ಪಕ್ಕದಲ್ಲಿ ಬಿದ್ದಿದ್ದ ರೈಫಲ್ಲಿನ ಮರದ ಹಿಡಿಯನ್ನು ಆ ತೋಳಿಗೆ ಆಸರೆಯಾಗಿ ಕಟ್ಟಿಕೊಂಡು 300 ಗಜ ತೆವಳಿ ಚಿಕಿತ್ಸಾ ಠಾಣೆ ಮುಟ್ಟಿದರು. ಗುಂಡು ತಗುಲಿದ ಸಂಗತಿಯನ್ನು ಸಿನಿಮಾ ಬಿಟ್ಟಿದೆ.

ಆ ಗಡಿಬಿಡಿಯಲ್ಲಿ ಡೊರೊಥಿ ಕೊಟ್ಟಿದ್ದ ಬೈಬಲ್ ಕಳೆದುಹೋಗಿತ್ತು. ಕಂಪನಿಯವರು ಯುದ್ಧಭೂಮಿಯಲ್ಲಿ ಹುಡುಕಿ, ಸಿಕ್ಕಿದ್ದನ್ನು ಅಂಚೆಯಲ್ಲಿ ಕಳಿಸಿಕೊಟ್ಟರು. ಒಂದು ಕಾಲಕ್ಕೆ ಅದೇ ಬೈಬಲ್ ಓದುತ್ತಾನೆಂದು ನಕ್ಕ ಕಂಪನಿ ಅದು. 1945ರ ಅಕ್ಟೋಬರ್ 12ರಂದು ಶ್ವೇತಭವನದಲ್ಲಿ ಅಧ್ಯಕ್ಷ ಟ್ರೂಮನ್ ಡಾಸ್ ಅವರಿಗೆ ಅಮೆರಿಕದ ಅತ್ಯುನ್ನತ ಸೇನಾ ಗೌರವವಾದ ಮೆಡಲ್ ಆಫ್ ಆನರ್ ತೊಡಿಸಿದರು. ಶಸ್ತ್ರ ಹಿಡಿಯಲೊಲ್ಲದ ಸೈನಿಕನೊಬ್ಬನಿಗೆ ಆ ಗೌರವ ಸಂದದ್ದು ಅದೇ ಮೊದಲು.

ನಮ್ಮ ಸೈನ್ಯದಲ್ಲಿ ಇಂಥವರಿದ್ದಾರೆಯೇ ಎಂದು ಕೇಳಿದಿರಿ. ಇದ್ದಾರೆ. ಆರ್ಮಿ ಮೆಡಿಕಲ್ ಕೋರ್‌ನ ಡಾಕ್ಟರುಗಳು, ನರ್ಸಿಂಗ್ ಅಸಿಸ್ಟೆಂಟ್‌ಗಳು ಬೆಟಾಲಿಯನ್‌ಗಳ ಜತೆ ಗಡಿಯಲ್ಲೇ ಇರುತ್ತಾರೆ. ಇದಲ್ಲದೆ ಕಾದಾಡುವ ಜವಾನರಲ್ಲೇ ಕೆಲವರಿಗೆ ಪ್ರಥಮ ಚಿಕಿತ್ಸೆಯ ವಿಶೇಷ ತರಬೇತಿ ಕೊಟ್ಟು ಬ್ಯಾಟಲ್‌ಫೀಲ್ಡ್ ನರ್ಸಿಂಗ್ ಅಸಿಸ್ಟೆಂಟ್ ಎಂದು ತಯಾರು ಮಾಡುತ್ತಾರೆ.

ಸೇನಾ ವೈದ್ಯರ ಚರಿತ್ರೆಯಲ್ಲಿ ಭಾರತದ ಹೆಸರು ದೊಡ್ಡದಾಗಿ ಕೇಳಿದ್ದು ಕೊರಿಯಾ ಯುದ್ಧದಲ್ಲಿ. ಭಾರತ ಅಲ್ಲಿಗೆ ಕಾದಾಡುವ ಸೈನ್ಯ ಕಳಿಸಲಿಲ್ಲ. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದಲ್ಲಿ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬ್ಯುಲೆನ್ಸ್ ಎಂಬ ವೈದ್ಯಕೀಯ ಘಟಕವನ್ನು ಕಳಿಸಿತು. 1941ರಲ್ಲಿ ಪ್ಯಾರಾಶೂಟ್ ಕಟ್ಟಿಕೊಂಡು ಹಾರಿದ ಮೊದಲ ಭಾರತೀಯ ಸೈನಿಕರಲ್ಲಿ ರಂಗರಾಜ್ ಒಬ್ಬರು. 1950ರ ನವೆಂಬರಿನಲ್ಲಿ ಘಟಕ ಕೊರಿಯಾ ಮುಟ್ಟಿತು. ಡಿಸೆಂಬರಿನಲ್ಲಿ ಚೀನೀ ಸೈನ್ಯ ನುಗ್ಗಿದ್ದರಿಂದ ಪ್ಯೊಂಗ್ಯಾಂಗ್ ನಗರವನ್ನು ತೆರವು ಮಾಡಬೇಕಾಯಿತು. ಸಲಕರಣೆ ಸಾಗಿಸಲು ವಾಹನವಿಲ್ಲ. ಬಿಟ್ಟು ಹೋದರೆ ಮುಂದೆ ಬರಿಗೈಯಲ್ಲಿ ಚಿಕಿತ್ಸೆ ಮಾಡಬೇಕು. ನಮ್ಮವರು ನಿಲ್ದಾಣದಲ್ಲಿ ಹಳೆಯ ಉಗಿ ಎಂಜಿನ್ ಒಂದನ್ನು ಹುಡುಕಿ, ಬಕೆಟ್ಟುಗಳಲ್ಲಿ ಕೈಯಿಂದ ಕೈಗೆ ನೀರು ದಾಟಿಸಿ ಬಾಯ್ಲರ್ ತುಂಬಿ, ಬೆಂಕಿ ಹಾಕಿ, ಸಲಕರಣೆಗಳನ್ನೆಲ್ಲ ಹೇರಿಕೊಂಡು ತಾವೇ ರೈಲು ಓಡಿಸಿಕೊಂಡು ಹೊರಟರು. ದಾರಿಯ ಸೇತುವೆಯನ್ನು ಸಿಡಿಸುವ ಮೊದಲೇ ನದಿ ದಾಟಿದರು. 1951ರ ಮಾರ್ಚ್ 23ರಂದು ಅಮೆರಿಕದ ಪ್ಯಾರಾಶೂಟ್ ಪಡೆ ಮುನ್ಸಾನ್ ಎಂಬಲ್ಲಿ ಶತ್ರುವಿನ ಬೆನ್ನ ಹಿಂದೆ ಇಳಿದಾಗ, ಅವರ ಜತೆ ರಂಗರಾಜ್ ಅವರ ಪುಟ್ಟ ತಂಡವೂ ವಿಮಾನದಿಂದ ಹಾರಿ ಅಲ್ಲೇ ಶಸ್ತ್ರಚಿಕಿತ್ಸೆ ನಡೆಸಿತು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು. ನಮ್ಮ ಶಾಲೆಯ ಮಕ್ಕಳಿಗೆ ಈ ಕಥೆ ಗೊತ್ತಿಲ್ಲದಿರುವುದು ನನಗೆ ನಿಜಕ್ಕೂ ಸಂಕಟದ ಸಂಗತಿ.

ಈಗ ನಿಮ್ಮ ಗೆಳೆಯರ ವಾದಕ್ಕೆ ಬರೋಣ. ಅವರ ಮಾತಿನಲ್ಲಿ ಒಂದು ನ್ಯಾಯವಿದೆ. ಪ್ರಾಣ ಕೊಟ್ಟವರ ಸಾಲು ಬೇರೆ. ಡಾಸ್ ಅವರ ಹಾಗೆಯೇ ಕೊಲ್ಲಲೊಲ್ಲದೆ ಮೆಡಿಕ್ ಆದ ಇಬ್ಬರು ಅಮೆರಿಕನ್ನರು, ಥಾಮಸ್ ಬೆನೆಟ್ ಮತ್ತು ಜೋಸೆಫ್ ಲಾಪಾಯಿಂಟ್, 1969ರಲ್ಲಿ ವಿಯೆಟ್ನಾಮಿನಲ್ಲಿ ಗಾಯಾಳುಗಳನ್ನು ಉಳಿಸಲು ಹೋಗಿಯೇ ಸತ್ತರು. ಅವರಿಗೂ ಅದೇ ಪದಕ ಬಂತು, ಸತ್ತ ಮೇಲೆ. ಮೆಡಿಕ್‌ನ ಕೆಲಸದಲ್ಲಿ ಇದು ಅಪರೂಪವೂ ಅಲ್ಲ. ಉಳಿದವರು ತಲೆ ತಗ್ಗಿಸಿ ಮರೆ ಹಿಡಿಯುವ ಹೊತ್ತಿಗೆ ಮರೆ ಬಿಟ್ಟು ಹೊರಡುವುದೇ ಆ ಕೆಲಸ.

ಆದರೆ ಡಾಸ್ ತೆತ್ತದ್ದು ಏನೆಂದು ನೋಡಿ. ಲೇಟೆಯ ಕಾಡಿನಲ್ಲಿ ಹತ್ತಿಕೊಂಡ ಕ್ಷಯ ಯುದ್ಧ ಮುಗಿದ ಮೇಲೆ ಪತ್ತೆಯಾಯಿತು. ಐದು ವರ್ಷಕ್ಕೂ ಹೆಚ್ಚು ಕಾಲ ಆಸ್ಪತ್ರೆಗಳಲ್ಲಿ ಕಳೆದರು. ಎಡ ಶ್ವಾಸಕೋಶವನ್ನೂ ಐದು ಪಕ್ಕೆಲುಬುಗಳನ್ನೂ ತೆಗೆದರು. ಸೈನ್ಯದಿಂದ ಬಿಡುಗಡೆಯಾದದ್ದು 1951ರಲ್ಲಿ. ಯುದ್ಧಕ್ಕೆ ಮುಂಚೆ ಮಾಡುತ್ತಿದ್ದ ಮರಗೆಲಸವನ್ನು ಕಸುಬಾಗಿ ಹಿಡಿಯುವ ಆಸೆಯಿತ್ತು. ಮುರಿದ ತೋಳು, ಒಂದೇ ಶ್ವಾಸಕೋಶ ಇಟ್ಟುಕೊಂಡು ಅದು ಆಗದ ಮಾತಾಯಿತು. 1976ರಲ್ಲಿ ಔಷಧಿಯ ಅಡ್ಡಪರಿಣಾಮದಿಂದ ಕಿವಿ ಪೂರ್ತಿ ಹೋಯಿತು. 1988ರಲ್ಲಿ ಕಿವಿಯೊಳಗೆ ಯಂತ್ರ ಅಳವಡಿಸುವವರೆಗೆ, ಹನ್ನೆರಡು ವರ್ಷ, ಮನೆಯವರ ದನಿಯನ್ನೂ ಕೇಳಲಿಲ್ಲ. ಮನೆ ನಡೆಯಲು ಡೊರೊಥಿ ನರ್ಸ್ ಆಗಿ ದುಡಿದರು. ಯುದ್ಧಕ್ಕೆ ಹೋಗದ ಆಕೆಯೂ ಯುದ್ಧದ ಬೆಲೆ ತೆತ್ತರು. 2006ರ ಮಾರ್ಚ್ 23ರಂದು, 87ನೆಯ ವಯಸ್ಸಿನಲ್ಲಿ ಡಾಸ್ ತೀರಿಕೊಂಡರು.

ಸತ್ತವರು ಮಾತ್ರ ತ್ಯಾಗ ಮಾಡಿದರು ಎಂದರೆ, ಉಸಿರಾಟವನ್ನೂ ಕಿವಿಯನ್ನೂ ಕಸುಬನ್ನೂ ಕೊಟ್ಟು ಬದುಕಿ ಉಳಿದವರನ್ನು ಯಾವ ಲೆಕ್ಕಕ್ಕೆ ಸೇರಿಸುವುದು? ಒಂದೇ ಗಳಿಗೆಯಲ್ಲಿ ಎಲ್ಲ ಕೊಡುವುದು ಒಂದು ಬಗೆ. ದಿನವೂ ಸ್ವಲ್ಪ ಸ್ವಲ್ಪ ಕೊಡುತ್ತ, ದೂರದೆ ಬದುಕುವುದು ಇನ್ನೊಂದು ಬಗೆ. ಹುತಾತ್ಮರ ಹೆಸರನ್ನು ನಾವು ಕಲ್ಲಿನಲ್ಲಿ ಕೆತ್ತುತ್ತೇವೆ, ಕೆತ್ತಲೇಬೇಕು. ಗಾಯದೊಂದಿಗೆ ಮರಳಿದವರನ್ನು ಸನ್ಮಾನದ ದಿನ ಕಳೆದ ಮೇಲೆ ಮರೆಯುತ್ತೇವೆ. ಅದು ಸರಿಯಲ್ಲ.

ನಿಮ್ಮ ಜಿಲ್ಲೆಯಲ್ಲೂ ಸೈನ್ಯದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ದುಡಿದು ನಿವೃತ್ತರಾದವರು ಇದ್ದೇ ಇರುತ್ತಾರೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲೋ ಮಾಜಿ ಸೈನಿಕರ ಸಂಘದಲ್ಲೋ ವಿಚಾರಿಸಿ. ನಿಮ್ಮ ಗೆಳೆಯರನ್ನೂ ಕರೆದುಕೊಂಡು ಹೋಗಿ ಅವರನ್ನು ಮಾತಾಡಿಸಿ, ಅವರು ಒಪ್ಪಿದರೆ ಅನುಭವ ಬರೆದುಕೊಳ್ಳಿ. ಯಾರ ಜೀವ ಉಳಿಸಿದಿರಿ ಎಂದು ಕೇಳಿದಂತೆಯೇ ನಿಮಗೇನಾಯಿತು ಎಂದೂ ಕೇಳಿ. ಆ ಎರಡನೆಯ ಪ್ರಶ್ನೆಯನ್ನು ಅವರಿಗೆ ಇದುವರೆಗೆ ಯಾರೂ ಕೇಳಿರಲಿಕ್ಕಿಲ್ಲ.